ಹಾಡಿನ ನಡುವಿನ ಕೆಮ್ಮು

ಹೊಳೆಯ ಈಚೆ ದಂಡೆಗೆ ಒಂದು ಆಶ್ರಮ, ಆಚೆ ದಂಡೆಗೆ ಒಂದು ಪೇಟೆ. ನಡುವೆ ಒಂದು ದೋಣಿ. ಈ ಕಥೆಗೆ ಅಷ್ಟು ಜಾಗ ಸಾಕು.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ವಯಸ್ಸಾಗಿತ್ತು, ಮೊಣಕಾಲು ಹಿಡಿಯುತ್ತಿತ್ತು, ಕಿವಿ ಮಾತ್ರ ಬಲು ಚುರುಕು. ಅಡುಗೆಮನೆಯಲ್ಲಿ ಯಾರಾದರೂ ಸದ್ದಿಲ್ಲದೆ ಬೆಲ್ಲದ ಡಬ್ಬಿ ತೆಗೆದರೆ, ಜಗಲಿಯ ಮೇಲಿಂದಲೇ ನನಗೂ ಒಂದು ಚೂರು ತನ್ನಿ ಅನ್ನುವವರು.

ಸಂಗಮೇಶ ಅನ್ನುವ ತರುಣ ಅಲ್ಲಿಗೆ ಬಂದು ಸೇರಿ ವರ್ಷದ ಮೇಲಾಗಿತ್ತು. ಕೆಲಸಕ್ಕೆ ಹಿಂದೆ ಬೀಳುವವನಲ್ಲ, ಮಾತಿಗೆ ಮುಂದೆ ಬರುವವನಲ್ಲ. ಸಂಜೆ ಎಲ್ಲರೂ ಹೊಳೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಾಗ ಅವನೂ ಕೂರುತ್ತಿದ್ದ. ಎಡಗಿವಿಯಲ್ಲಿ ಇಯರ್‌ಫೋನು ಇರುತ್ತಿತ್ತು. ಅದರ ಇನ್ನೊಂದು ತುದಿಯನ್ನು ಪಕ್ಕದ ಕಲ್ಲಿನ ಮೇಲೆ ಜೋಪಾನವಾಗಿ ಇಟ್ಟಿರುತ್ತಿದ್ದ.

ಉಳಿದ ಶಿಷ್ಯರು ಸುಮ್ಮನಿರುತ್ತಾರೆಯೇ? ಹೋಗಿ ಚಾಡಿ ಹೇಳಿದರು. ಧ್ಯಾನದ ಹೊತ್ತಿನಲ್ಲಿ ಇವನು ಹಾಡು ಕೇಳುತ್ತಾನೆ, ಅದೂ ಗಿಟಾರು ಡ್ರಮ್ಮಿನ ಹಾಡು ಅಂದರು. ಅಜ್ಜಾರು, ನಿಮ್ಮ ಕಣ್ಣು ಮುಚ್ಚಿದ್ದರೆ ಅವನ ಕಿವಿ ನಿಮಗೆ ಹೇಗೆ ಕಂಡಿತು ಅಂತ ಕೇಳಿ ಅವರ ಬಾಯಿ ಮುಚ್ಚಿಸಿದರು.

ಅಜ್ಜಾರಿಗೆ ಹಾಡಿನ ಚಿಂತೆ ಇರಲಿಲ್ಲ. ಕಲ್ಲಿನ ಮೇಲಿದ್ದ ಆ ಇನ್ನೊಂದು ತುದಿಯ ಚಿಂತೆ ಹತ್ತಿತ್ತು.

ಒಂದು ಸಂಜೆ ಸಂಗಮೇಶನೇ ಬಾಯಿಬಿಟ್ಟ.

"ಅಜ್ಜಾರ, ಇದ್ದದ್ದು ಇದ್ದಂಗ ಉಳೀಬೇಕಂದ್ರ ಏನ್ ಮಾಡಬೇಕ್ರಿ?"

ಅಜ್ಜಾರು ಮೊಣಕಾಲು ಹಿಡಿದುಕೊಂಡು ಅವನ ಪಕ್ಕದಲ್ಲಿ, ಆ ತುದಿಯ ಹತ್ತಿರ ಕೂತರು.

"ಇದು ಯಾರದಪಾ?"

ಸಂಗಮೇಶ ಪಟ್ಟನೆ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ. ಅಜ್ಜಾರು ಕೈ ಚಾಚಲಿಲ್ಲ. ಎದ್ದೂ ಹೋಗಲಿಲ್ಲ. ಅವರು ಹಟಕ್ಕೆ ಬಿದ್ದರೆ ಹಾಗೇ, ಹೊಳೆಯ ಕಡೆ ನೋಡುತ್ತ ಕೂತುಬಿಡುವುದು.

ಹೊತ್ತು ಮುಳುಗುತ್ತ ಬಂತು. ಕೊನೆಗೆ ಮುಷ್ಟಿ ತಾನಾಗಿ ಸಡಿಲವಾಯಿತು. ಅವನೇ ಅದನ್ನು ಅಜ್ಜಾರ ಬಲಗಿವಿಗೆ ಸಿಕ್ಕಿಸಿದ.

ಹಾಡು ಶುರುವಾಯಿತು. ಮನೆಗೆ ಬರಬೇಕಾದವರು ಇನ್ನೂ ಬಂದಿಲ್ಲ, ಬಾಗಿಲಿಗೆ ಚಿಲಕ ಹಾಕಬೇಡಿ ಅನ್ನುವ ಹಾಡು. ನಡುವೆ ಒಂದು ಕಡೆ ಗಿಟಾರು, ಡ್ರಮ್ಮು, ದನಿ ಎಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಯಾರೋ ಕೆಮ್ಮಿದರು. ಆಮೇಲೆ ಹಾಡು ಮತ್ತೆ ಎದ್ದು ನಡೆಯಿತು.

"ಯಾರೋ ಕೆಮ್ಮಿದ್ರಲ್ಲ," ಅಂದರು ಅಜ್ಜಾರು.

ಅಷ್ಟೇ ಸಾಕಾಯಿತು. ವರ್ಷವಿಡೀ ಪಿಟ್ಟೆನ್ನದೆ ಇದ್ದವನು ಗಳಗಳ ಅತ್ತುಬಿಟ್ಟ. ಅಳುತ್ತಲೇ ಎಲ್ಲ ಹೇಳಿದ.

ಆ ತುದಿ ಅವನ ತಂಗಿ ಶಿವಲೀಲಾಳದು. ಮನೆಯವರಿಗೆಲ್ಲ ಲೀಲಿ. ಇಬ್ಬರಿಗೂ ಒಂದೇ ಇಯರ್‌ಫೋನು, ಎಡಗಿವಿ ಅಣ್ಣನದು, ಬಲಗಿವಿ ತಂಗಿಯದು. ಇಬ್ಬರಿಗೂ ಒಂದೇ ಹುಚ್ಚು, ತಂತಿಬೇಲಿ ಅನ್ನುವ ಬ್ಯಾಂಡು.

ಹುಬ್ಬಳ್ಳಿ ಕಡೆಯ ಹುಡುಗರು ತಾವೇ ಕಟ್ಟಿಕೊಂಡ ಬ್ಯಾಂಡು ಅದು. ಯಾವ ಕಂಪನಿಯೂ ಅವರನ್ನು ಮೂಸಿ ನೋಡಿರಲಿಲ್ಲ. ಮೊದಲ ಆಲ್ಬಮ್ಮನ್ನು ಒಂದು ಹಿಟ್ಟಿನ ಗಿರಣಿಯಲ್ಲಿ, ಗಿರಣಿಗೆ ರಜೆ ಇದ್ದ ದಿನ, ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದ್ದರು. ಹಿಟ್ಟಿನ ಧೂಳು ಗಂಟಲಿಗೆ ಹೋಗಿ ಡ್ರಮ್ಮಿನವನು ಕೆಮ್ಮಿದ್ದ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದರು.

ಲೀಲಿಗೆ ಇಡೀ ಆಲ್ಬಮ್ಮಿನಲ್ಲಿ ಆ ಕೆಮ್ಮಿನ ಮೇಲೇ ಪ್ರೀತಿ. ರಕ್ತದ ಕಾಯಿಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದಾಗಲೂ ಆ ಜಾಗ ಬಂದ ಕೂಡಲೇ ತಾನೂ ಕೆಮ್ಮುತ್ತಿದ್ದಳು. ನರ್ಸಮ್ಮ ಗಾಬರಿಬಿದ್ದು ಓಡಿ ಬರುತ್ತಿದ್ದಳು. ಇವಳು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ವಾಸಿಯಾದ ಮೇಲೆ ಇಬ್ಬರೂ ಕೂಡಿ ತಂತಿಬೇಲಿಯ ಷೋಗೆ ಹೋಗುವುದು ಅಂತ ಮಾತಾಗಿತ್ತು.

ವಾಸಿಯಾಗಲಿಲ್ಲ.

ಅಜ್ಜಾರು ಇಯರ್‌ಫೋನನ್ನು ಕಿವಿಯಿಂದ ತೆಗೆದರು. ಅವನ ಕೈಗೆ ಕೊಡದೆ, ಮೊದಲಿದ್ದ ಕಲ್ಲಿನ ಮೇಲೆಯೇ ಮೆಲ್ಲಗೆ ಇಟ್ಟರು.

ಮಳೆಗಾಲ ಕಳೆದು ಹೊಳೆ ತಿಳಿಯಾದ ಹೊತ್ತಿಗೆ ದೋಣಿಯವನು ಒಂದು ಸುದ್ದಿ ತಂದ. ಪೇಟೆಯ ಹೈಸ್ಕೂಲ್ ಮೈದಾನದಲ್ಲಿ ಬರುವ ಭಾನುವಾರ ತಂತಿಬೇಲಿಯವರ ಷೋ. ಊರ ಗೋಡೆಗಳಿಗೆಲ್ಲ ಪೋಸ್ಟರು ಬಿದ್ದಿದೆಯಂತೆ.

ಅಜ್ಜಾರು ಸಂಗಮೇಶನ ಮುಖ ನೋಡಿದರು. ಅವನು ನೆಲ ನೋಡಿದ.

"ನಾ ಹೋಗಾಂಗಿಲ್ರಿ."

ಯಾಕೆ ಅಂತ ಬಿಡಿಸಿ ಹೇಳಿದ. ರೆಕಾರ್ಡಿನಲ್ಲಿ ಹಾಡು ಬದಲಾಗುವುದಿಲ್ಲ. ವೇದಿಕೆಯ ಮೇಲೆ ಅವರು ಬೇರೆ ಥರ ಹಾಡಿದರೆ? ಆ ಮೌನದಲ್ಲಿ ಕೆಮ್ಮೇ ಇರದಿದ್ದರೆ? ಅದು ಒಮ್ಮೆ ಕಿವಿಗೆ ಬಿದ್ದರೆ ಲೀಲಿ ಕೇಳಿದ ಹಾಡು ಅಳಿಸಿಹೋಗುತ್ತದೆ. ಅವಳದು ಅಂತ ತನ್ನ ಹತ್ತಿರ ಉಳಿದಿರುವುದು ಅದೊಂದೇ.

ಅಜ್ಜಾರು ವಾದಕ್ಕೆ ಇಳಿಯಲಿಲ್ಲ. ತಾವು ಹೋಗುವುದು ಖಂಡಿತ ಅಂದರು. ಈ ಮೊಣಕಾಲಿಗೆ ದೋಣಿ ಹತ್ತಿಸುವವರು ಬೇಕು, ಇಳಿಸುವವರು ಬೇಕು. ನೀನು ಹಾಡಿಗೆ ಬರಬೇಡ, ನನ್ನ ಕಾಲಿಗೆ ಬಾ ಅಂದರು.

ಗುರುಗಳ ಕಾಲಿಗೆ ಇಲ್ಲ ಅನ್ನುವುದು ಹೇಗೆ? ಒಲ್ಲದ ಮನಸ್ಸಿನಿಂದ ದೋಣಿ ಹತ್ತಿದ.

ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಬಂದವರ ಹಣೆಯ ಮೇಲೆಲ್ಲ ಒಂದೊಂದು ಬಿಳಿ ಗೆರೆ. ಗಿರಣಿಯ ನೆನಪಿಗೆ ಹಿಟ್ಟು ಹಚ್ಚಿಕೊಳ್ಳುವುದು ತಂತಿಬೇಲಿಯ ಅಭಿಮಾನಿಗಳ ಪದ್ಧತಿ. ಅಜ್ಜಾರಿಗೆ ಇದು ಬಹಳ ಹಿಡಿಸಿತು.

ಹಿಟ್ಟಿನ ಡಬ್ಬಿ ಹಿಡಿದ ಹುಡುಗಿಯೊಬ್ಬಳು ಇವರ ಹತ್ತಿರ ಬಂದಳು. ಅಜ್ಜಾರ ಹಣೆಯ ವಿಭೂತಿ ನೋಡಿ, ಓ, ನೀವು ಮನೆಯಿಂದಲೇ ಹಚ್ಚಿಕೊಂಡು ಬಂದೀರಿ ಅಂತ ಖುಷಿಪಟ್ಟಳು. ಅಜ್ಜಾರು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಇನ್ನೊಂದು ಗೆರೆ ಎಳೆಯವ್ವ ಅಂತ ಹಣೆ ಬಗ್ಗಿಸಿದರು. ಸಂಗಮೇಶ ಬೇಡ ಅಂದ.

ಸುತ್ತಲೂ ಒಂದೇ ಚರ್ಚೆ. ಮೊದಲ ಆಲ್ಬಮ್ಮಿನಲ್ಲಿ ಇದ್ದ ಜೀವ ಎರಡನೆಯದರಲ್ಲಿ ಇಲ್ಲ, ಸ್ಟುಡಿಯೋದಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿಬಿಟ್ಟರು ಅಂತ ಒಬ್ಬ. ಎರಡನೆಯದನ್ನು ಎದುರಿಗೆ ನಿಂತು ಕೇಳು, ಆಮೇಲೆ ಮಾತಾಡು ಅಂತ ಇನ್ನೊಬ್ಬ. ವಿಜಯಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವನೊಬ್ಬ, ಇವರು ಒಂದು ಹಾಡನ್ನು ಎರಡು ಸಲ ಒಂದೇ ಥರ ಹಾಡಿದ್ದನ್ನು ನಾನು ಕಂಡಿಲ್ಲ ಅಂತ ಹೆಮ್ಮೆಯಿಂದ ಹೇಳಿದ. ಅಜ್ಜಾರು ಎಲ್ಲರ ಮಾತಿಗೂ ತಲೆದೂಗಿದರು. ಸಂಗಮೇಶ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಒಂದೊಂದೇ ಹಾಡು ಆಗುತ್ತ ಬಂತು. ಕೊನೆಗೆ ಚಿಲಕದ ಹಾಡು.

ಅದು ರೆಕಾರ್ಡಿನ ಹಾಗೆ ಇರಲಿಲ್ಲ. ನಿಧಾನ ಮಾಡಿದ್ದರು. ಹಾಡುವವನ ದನಿಗೆ ವಯಸ್ಸು ಕೂಡಿತ್ತು. ಸಂಗಮೇಶ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಇವರು ಏನು ಬೇಕಾದರೂ ಮಾಡಿಕೊಳ್ಳಲಿ, ಆ ಮೌನ ಬಂದಾಗ ನಾನು ಲೀಲಿಯ ಕೆಮ್ಮನ್ನೇ ನೆನೆಯುತ್ತೇನೆ, ಬೇರೆ ಏನನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಹಲ್ಲು ಕಚ್ಚಿ ನಿಂತ.

ಗಿಟಾರು ನಿಂತಿತು. ಡ್ರಮ್ಮು ನಿಂತಿತು. ದನಿ ನಿಂತಿತು.

ಇಡೀ ಮೈದಾನ ಕೆಮ್ಮಿತು.

ಹಿಟ್ಟಿನ ಡಬ್ಬಿಯ ಹುಡುಗಿ ಕೆಮ್ಮಿದಳು. ವಿಜಯಪುರದವನು ಕೆಮ್ಮಿದ. ಅಪ್ಪಂದಿರ ಹೆಗಲ ಮೇಲಿದ್ದ ಮಕ್ಕಳು, ಗೇಟಿನ ಹತ್ತಿರ ಲಾಠಿ ಊರಿಕೊಂಡು ನಿಂತಿದ್ದ ಪೊಲೀಸಪ್ಪ, ಎಲ್ಲರೂ ಒಂದೇ ಸಲಕ್ಕೆ ಕೆಮ್ಮಿದರು. ಎಲ್ಲರಿಗಿಂತ ಜೋರಾಗಿ ಅವನ ಪಕ್ಕದಲ್ಲಿ ಅಜ್ಜಾರು ಕೆಮ್ಮಿದರು. ಆಮೇಲೆ ಇಡೀ ಮೈದಾನ ನಕ್ಕಿತು, ವೇದಿಕೆಯ ಮೇಲೆ ಡ್ರಮ್ಮಿನವನು ಕೈ ಮುಗಿದ, ಹಾಡು ಮುಂದುವರಿಯಿತು.

ಸಂಗಮೇಶ ಕಣ್ಣು ಬಿಟ್ಟ. ಸುತ್ತ ನಗುತ್ತಿದ್ದ ಮುಖಗಳನ್ನು ನೋಡಿ ಅವನಿಗೆ ಸಂಕಟವೂ ಬಂತು, ಸಿಟ್ಟೂ ಬಂತು. ಗುರುಗಳು, ಅವರ ಮೊಣಕಾಲು, ಯಾವುದೂ ಲಕ್ಷ್ಯಕ್ಕೆ ಬರಲಿಲ್ಲ. ಜನರನ್ನು ಸೀಳಿಕೊಂಡು ಹೊರಟೇಬಿಟ್ಟ.

ದೋಣಿ ಕಟ್ಟುವ ಮೆಟ್ಟಿಲ ಮೇಲೆ ಹೋಗಿ ಕೂತ. ಮೈದಾನದ ಸದ್ದು ಅಲ್ಲಿಗೂ ಬರುತ್ತಿತ್ತು. ಹೊಳೆಯ ಮೇಲೆ ಇನ್ನೂ ಸಂಜೆಯ ಬೆಳಕಿತ್ತು.

ಅಜ್ಜಾರು ಗೋಡೆ ಹಿಡಿದು, ಗಿಡ ಹಿಡಿದು, ಕಾಲೆಳೆಯುತ್ತ ಬಂದರು. ಅವರನ್ನು ಕಂಡು ಅವನಿಗೆ ನಾಚಿಕೆಯಾಯಿತು. ಎದ್ದು ಕೈ ಹಿಡಿದು ಕೂರಿಸಿದ. ಬೈಯುತ್ತಾರೇನೋ ಅಂದುಕೊಂಡ. ಅವರು ಬೈಯಲಿಲ್ಲ, ಮೊಣಕಾಲು ತಿಕ್ಕಿಕೊಂಡರು.

ಅವನಿಗೆ ತಡೆಯಲಾಗಲಿಲ್ಲ.

"ಅದು ನಂದು ಮತ್ತ ಲೀಲಿದು ಇತ್ರಿ ಅಜ್ಜಾರ. ನಮ್ಮಿಬ್ಬರದ ಅಷ್ಟ. ಅವರೆಲ್ಲಾ ಅದನ್ನ ಹ್ಯಾಂಗ ತಗೊಂಡರು?"

ಅಜ್ಜಾರು ಹೊಳೆಯ ಕಡೆ ನೋಡುತ್ತ ಕೇಳಿದರು.

"ನೀ ಕೆಮ್ಮಿದೇನು?"

"ಇಲ್ರಿ."

ಮೈದಾನದಲ್ಲಿ ಒನ್ಸ್ ಮೋರ್, ಒನ್ಸ್ ಮೋರ್ ಅಂತ ಕೂಗು ಎದ್ದಿತು. ಬಹಳ ಹೊತ್ತು ಕೂಗಿದರು. ಆಮೇಲೆ ಗದ್ದಲ ತಣ್ಣಗಾಗಿ ಒಂದು ಗಿಟಾರು, ಅದೇ ಚಿಲಕದ ಹಾಡಿನ ಮೊದಲ ಸಾಲು, ಗಾಳಿಯಲ್ಲಿ ತೇಲಿ ಬಂತು.

ಅಜ್ಜಾರು ಏಳಲು ಅವನ ಹೆಗಲ ಮೇಲೆ ಕೈ ಇಟ್ಟರು.

"ಅಷ್ಟು ಮಂದ್ಯಾಗ ಲೀಲಿ ಕೆಮ್ಮು ಒಂದ ಕೇಳಲಿಲ್ಲಪಾ. ಏಳು, ಹಾಡು ಮತ್ತ ಸುರು ಆತು."