ಪಂಪು ಕಚ್ಚಿಕೊಂಡ ಭಾನುವಾರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ತಾಯಿ ಹಾಸಿಗೆ ಹಿಡಿದಿದ್ದಾರೆ. ಅವರದೇ ಚಿಂತೆಯಲ್ಲಿ ನನಗೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಊರೂರು ಅಲೆದು ಔಷಧ ಹುಡುಕುತ್ತಿದ್ದೇನೆ. ಆದರೂ ಅವರು, 'ನೀನು ನನ್ನ ಹತ್ತಿರ ಇರುವುದೇ ಇಲ್ಲ' ಎನ್ನುತ್ತಾರೆ. ನನ್ನ ಪ್ರೀತಿಯಲ್ಲಿ ಏನು ಕೊರತೆ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿಯ ಕೈಗೆ ಸೋಪಿನ ನೀರು ಆಗುತ್ತಿರಲಿಲ್ಲ. ಪಾತ್ರೆ ತೊಳೆದರೆ ಬೆರಳ ಸಂದಿಗಳು ಬಿರಿದು ರಕ್ತ ಒಸರುತ್ತಿತ್ತು. ಅದನ್ನು ನೋಡಲಾರದೆ ಅವನು ಪಾತ್ರೆ ತೊಳೆಯುವ ಯಂತ್ರವೊಂದನ್ನು ತಂದ. ಕೈ ವಾಸಿಯಾಯಿತು.

ಅದೊಂದು ಸಾಮಾನ್ಯ ಭಾನುವಾರ. ಬೇಸಿಗೆ ರಜೆ ಮುಗಿಸಿ ಹಿಂದಿನ ದಿನವಷ್ಟೇ ಎಲ್ಲರೂ ಊರಿನಿಂದ ಮರಳಿದ್ದರು. ತಿಂಡಿಯಾದ ಮೇಲೆ ಹೆಂಡತಿ ತಟ್ಟೆಗಳನ್ನು ಯಂತ್ರದೊಳಗೆ ಜೋಡಿಸಿ ಗುಂಡಿ ಒತ್ತಿದಳು. ನೀರು ತುಂಬಿತು. ಆಮೇಲೆ ಗುಂಯ್ ಎಂಬ ಸದ್ದು ಮಾತ್ರ. ನೀರು ಚಿಮ್ಮಲಿಲ್ಲ.

ಗೃಹಸ್ಥ ರಿಪೇರಿಯವನಿಗೆ ಫೋನ್ ಮಾಡಿದ. ಬುಧವಾರದವರೆಗೆ ಬರಲಾಗದು ಎಂಬ ಉತ್ತರ ಬಂತು. ಮತ್ತೆ ಗುಂಡಿ ಒತ್ತಿದ. ಈ ಸಲ ಗುಂಯ್ ಸದ್ದಿನ ಜೊತೆಗೆ ಸುಟ್ಟ ವಾಸನೆಯೂ ಬಂತು. ಮೋಟಾರು ಸುಟ್ಟುಹೋದರೆ? ಮತ್ತೆ ಅವಳ ಕೈ? ಗಾಬರಿಯಿಂದ ಪ್ಲಗ್ ಕಿತ್ತ.

ತಟ್ಟೆಗಳನ್ನು ಸಿಂಕಿಗೆ ಹಾಕಿ, ಯಂತ್ರದ ತಳದ ಜಾಲರಿಯನ್ನು ತೆಗೆದು, ಸೋಪು ಹಚ್ಚಿ ಉಜ್ಜಿ ತೊಳೆದ. ಒಳಗೆ ನಿಂತ ನೀರನ್ನು ಬಟ್ಟೆಯಿಂದ ಹೀರಿಸಿ ಹಿಂಡಿ ತೆಗೆದ. ಯಂತ್ರವನ್ನು ಅಡ್ಡ ಮಲಗಿಸಿ ಅಡಿಯ ಮುಚ್ಚಳ ಬಿಚ್ಚಿದ. ಪಂಪಿನ ಚಕ್ರ ಬೆರಳಿಗೆ ಅಲುಗಲಿಲ್ಲ. ಕೊಳವೆಬಾವಿಯ ಗಡಸು ನೀರು ರಜೆಯ ದಿನಗಳಲ್ಲಿ ಒಣಗಿ, ಸುಣ್ಣ ಕಟ್ಟಿ, ಅದನ್ನು ಕಚ್ಚಿ ಹಿಡಿದಿತ್ತು. ಜೋರು ಮಾಡಿದರೆ ರೆಕ್ಕೆ ಮುರಿದೀತು. ಬಿಟ್ಟರೆ ತಿರುಗದು. ನಿಂಬೆರಸ ಬೆರೆಸಿದ ಬಿಸಿನೀರು ಹಾಕಿ ಕಾದ. ಅಲುಗಿಸಿ ನೋಡಿದ. ಮತ್ತೆ ಕಾದ.

ಮಧ್ಯಾಹ್ನವಾಯಿತು. ಸಿಂಕಿನಲ್ಲಿ ಪಾತ್ರೆಗಳ ರಾಶಿ ಬೆಳೆಯಿತು.

"ಮಕ್ಕಳು ಊಟ ಕೇಳುತ್ತಿವೆ. ಮನೆಯಲ್ಲಿ ತೊಳೆದ ತಟ್ಟೆ ಒಂದೂ ಇಲ್ಲ. ನಿಮ್ಮ ಅಂಗೈಯಲ್ಲೇ ಬಡಿಸಲೇನು?" ಎಂದಳು ಹೆಂಡತಿ.

"ನೀನು ಮಾತ್ರ ನೀರು ಮುಟ್ಟಬೇಡ ಕಣೇ. ನಿನಗೋಸ್ಕರ ತಾನೆ ಇಷ್ಟೆಲ್ಲ? ಇನ್ನೇನು, ಆಗೇಹೋಯಿತು." ಅವನು ತಲೆ ಎತ್ತಲಿಲ್ಲ.

"ಬೆಳಗಿನಿಂದ ಆಗೇಹೋಗುತ್ತಿದೆ," ಎಂದು ಅವಳು ಹೋದಳು.

ಸಂಜೆಯ ಹೊತ್ತಿಗೆ ಚಕ್ರ ತುಸು ಅಲುಗಿತು. ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಆಡಿಸಿದ. ಸಡಿಲವಾಯಿತು. ಮುಚ್ಚಳ ಬಿಗಿದು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ಹಾಕಿ ಗುಂಡಿ ಒತ್ತಿದ. ನೀರು ಚಿಮ್ಮಿತು.

"ತಿರುಗಿತು ಕಣೇ! ತಾ ಪಾತ್ರೆಗಳನ್ನು!" ಎಂದು ಕೂಗುತ್ತ ಎದ್ದ.

ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಹೆಂಡತಿ ಗೋಡೆಗೆ ಒರಗಿ ಕೂತು, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಸೆರಗು ಅಲ್ಲಲ್ಲಿ ಕೆಂಪಾಗಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಪಾಪ," ಎಂದ ಶಿಷ್ಯ. "ಅವಳಿಗಾಗಿ ಇಡೀ ದಿನ ಒದ್ದಾಡಿದ. ಅವನಿಂದ ಇನ್ನೇನು ಸಾಧ್ಯವಿತ್ತು?"

ಗುರುಗಳು ಹೇಳಿದರು: "ಅವನ ಕೈಗಳಿಗೆ ಯಾವ ತೊಂದರೆಯೂ ಇರಲಿಲ್ಲ."