ಅರೆಜೀವದ ನಿಕಲ್

ಬೋಟಿನಲ್ಲಿ ಇಟ್ಟದ್ದೇ ಗಾಜಿಗೆ ಹತ್ತುತ್ತದೆ, ಬೇರೇನೂ ಹತ್ತುವುದಿಲ್ಲ ಎಂದು ಆಗ ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಎಲ್ಲರೂ ನಂಬಿದ್ದರು. ಬೋಟು ಎಂದರೆ ಟಂಗ್‌ಸ್ಟನ್ ತಗಡಿನ ಪುಟ್ಟ ದೊನ್ನೆ. ಅದರಲ್ಲಿ ನಿಕಲ್ ಇಟ್ಟು, ಗಾಜಿನ ಗುಮ್ಮಟ ಮುಚ್ಚಿ, ಗಾಳಿ ಹೀರಿ, ಕರೆಂಟು ಹರಿಸಿದರೆ ನಿಕಲ್ ಆವಿಯಾಗಿ ಮೇಲಿನ ಗಾಜಿಗೆ ಪದರವಾಗಿ ಕೂರುತ್ತಿತ್ತು. ಆ ಪಂಪಿನ ಟಕಟಕ, ಕಾದ ಎಣ್ಣೆಯ ವಾಸನೆ. ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಇಪ್ಪತ್ತೆರಡು ವರ್ಷವಾಗುತ್ತದೆ, ಆಗಿನ ದಡ್ಡತನದ ಸಮೇತ.

ವಿಭಾಗದ ದೊರೆ ಪ್ರೊಫೆಸರ್ ಕೊಣ್ಣೂರ. ಜುಲೈನಲ್ಲಿ ನೋಟಿಸು ಬೋರ್ಡಿನ ಮೇಲೆ ಅವರ ಫರ್ಮಾನು ಬಿತ್ತು: "ಸಂಶೋಧನೆಗೆ ಒಂದೇ ಸೀಟು. ಮೂರು ಒಗಟು ಬಿಡಿಸಿದವರಿಗೆ. ತಪ್ಪಿದವರ ತಲೆ ಹೋಗುತ್ತದೆ." ತಲೆ ಎಂದರೆ ಪಟ್ಟಿಯಲ್ಲಿನ ಹೆಸರು.

ಮೂವರು ನಿಂತೆವು: ನಾನು, ಚಿನ್ನದ ಪದಕದ ಜಯತೀರ್ಥ, ಅಕ್ಕಸಾಲಿಗರ ಮನೆಯ ಮೌನೇಶ ಪತ್ತಾರ. ಸೀಟು ತಪ್ಪಿದರೆ ಮೌನೇಶನಿಗೆ ಊರಲ್ಲಿ ಅಪ್ಪನ ಊದುಗೊಳವೆ ಕಾದಿತ್ತು.

"ಗಾಳಿಯೊಳಗ ಹಾರಲಾರದ ನಿಕಲ್, ಗಾಳಿ ತೆಗೆದರ ನೆಟ್ಟಗ ಹಾರತದ. ಯಾಕ?" ಎಂದರು ದೊರೆ.

"ಹಗುರಾಗತೈತ್ರಿ," ಎಂದೆ. ನನ್ನ ತಲೆ ಹೋಯಿತು.

"ದಾರ್ಯಾಗ ಡಿಕ್ಕಿ ಹೊಡ್ಯಾಕ ಯಾರೂ ಇರೂದಿಲ್ರಿ," ಎಂದ ಮೌನೇಶ. ಜಯತೀರ್ಥ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ.

"ಕೂದಲೆಳಿ ಸಾವಿರ ಸೀಳು ಮಾಡಿದಷ್ಟು ತೆಳು ಪದರ. ಯಾವ ಕೋಲಿನಿಂದ ಅಳೀತೀರಿ?"

"ಬೆಳಕಿನಿಂದ, ಸರ್," ಎಂದ ಜಯತೀರ್ಥ.

"ತಕ್ಕಡಿಲೆ ಆಗತೈತ್ರಿ. ಗಾಜು ಮೊದಲ ತೂಗೂದು, ಆಮ್ಯಾಲ ತೂಗೂದು," ಎಂದ ಮೌನೇಶ.

ದೊರೆ ಮನಸ್ಸಿಲ್ಲದ ಮನಸ್ಸಿನಿಂದ ಇಬ್ಬರನ್ನೂ ಉಳಿಸಿದರು.

"ಹಾಕಿದ್ದು ಅಪ್ಪಟ ನಿಕಲ್. ಪದರದ ಕಾಂತಶಕ್ತಿ ಕಾಲುಪಾಲು ಕಡಿಮಿ. ಕಳ್ಳ ಯಾರು?"

"ಒಳಗೆ ಉಳಿದ ಗಾಳಿ, ಸರ್. ಪಂಪು ಹಳೇದು," ಎಂದ ಜಯತೀರ್ಥ.

ಪಂಪನ್ನು ದೊರೆಯೇ ಜರ್ಮನಿಯಿಂದ ತಂದಿದ್ದರು. ಜಯತೀರ್ಥನ ತಲೆಯೂ ಹೋಯಿತು.

ಮೌನೇಶ ಕೈ ಕಟ್ಟಿಕೊಂಡು ಹೇಳಿದ: "ಬೋಟು ರಿ."

"ಏ ತಮ್ಮಾ, ಟಂಗ್‌ಸ್ಟನ್ ಮೂರು ಸಾವಿರ ಡಿಗ್ರಿಗೂ ಕರಗೂದಿಲ್ಲ!"

"ತಾನಾಗೇ ಕರಗೂದಿಲ್ರಿ. ಕಾದ ನಿಕಲ್ ಅದನ್ನ ತಿಂದು, ತನ್ನ ಜೋಡಿ ಹೊತ್ಕೊಂಡು ಹೋಗತೈತ್ರಿ. ಟಂಗ್‌ಸ್ಟನ್ ಬೆರೆತರ ನಿಕಲ್ಲಿನ ಕಾಂತಶಕ್ತಿ ಇಳೀತೈತ್ರಿ. ನಮ್ಮ ಮನ್ಯಾಗ ಚಿನ್ನ ಕರಗಿಸೂ ಮೊದಲೂ ಆಮ್ಯಾಲೂ ಅದನ್ನ ಇಟ್ಟು ಕಾಸೂ ಮೂಸಿನೂ ತೂಗತಾರ್ರಿ, ಗಿರಾಕಿ ಕಳ್ಳ ಅಂದಾನು ಅಂತ. ನಿನ್ನಿ ಬೋಟೂ ತೂಗೇನ್ರಿ."

"ಬೋಟು ಯಾರರೆ ತೂಗತಾರೇನೋ?"

ಹನ್ನೆರಡು ವರ್ಷ ಯಾರೂ ತೂಗಿರಲಿಲ್ಲ. ಸೀಟು ಮೌನೇಶನದಾಯಿತು, ಫಲಕದ ಮೇಲೆ ಅವನ ಹೆಸರನ್ನು ದೊರೆಯೇ ಬರೆದರು, ಅಕ್ಷರ ಕೊಂಚ ಸೊಟ್ಟಗೆ. ಈಗ ಆ ಕೋಣೆಯಲ್ಲಿ ಪಂಪಿಲ್ಲ, ದೊರೆಯೂ ಇಲ್ಲ. ಅಂದು ಮೌನೇಶ ಬಿಚ್ಚಿ ತೋರಿಸಿದ ನೋಟುಬುಕ್ಕಿನ ಪುಟ ಮಾತ್ರ ನನಗೆ ಬಾಯಿಪಾಠ: ಖಾಲಿ ಬೋಟು, ಕಾಯಿಸುವ ಮುನ್ನ 412.6 ಮಿಲಿಗ್ರಾಂ; ನಿಕಲ್ ಪೂರ್ತಿ ಹಾರಿದ ಮೇಲೆ 409.1.