ಮಾಚನ ಕಲ್ಲು, ಸಿರಿಯವ್ವನ ಬಳೆ

ಯಾವ ಕಾಲ, ಯಾವ ದೊರೆ ಅಂತ ಕೇಳಬೇಡಿ ಮಕ್ಕಳೇ, ನನಗೂ ಗೊತ್ತಿಲ್ಲ. ನಮ್ಮ ಈ ತುರುವಳ್ಳಿಯಲ್ಲಿ ಬಹಳ ಹಿಂದೆ ಮಾಚ ಅಂತ ಒಬ್ಬ ಈಟಿಯ ಆಳು ಇದ್ದನಂತೆ. ಅವನ ಹೆಂಡತಿ ಸಿರಿಯವ್ವ. ಬಳೆ ಅಂದರೆ ಅವಳಿಗೆ ಪ್ರಾಣ. ಅವಳು ರಾಗಿ ಬೀಸಲು ಕೂತರೆ ಹಸಿರು ಬಳೆಯ ಸದ್ದು ಊರಾಚೆಗೂ ಕೇಳುತ್ತಿತ್ತಂತೆ.

ಒಂದು ದಿನ ಕಳ್ಳರ ದಂಡು ಬಂದು ಊರ ಹಸುಗಳನ್ನೆಲ್ಲ ಹೊಡೆದುಕೊಂಡು ಹೋಯಿತು. ಹಸು ಬಿಡಿಸಲು ನೆತ್ತರು ಸುರಿಸಿದವರಿಗೆ ಕೆರೆ ಕೆಳಗೆ ಹೊಲ ಕೊಡುತ್ತೇನೆ ಅಂತ ದೊರೆ ಸಾರಿಸಿದನಂತೆ. ಮಾಚ ಹೋದ. ಹಸುಗಳೆಲ್ಲ ಬಂದವು, ಒಂದು ಕರುವೂ ತಪ್ಪಲಿಲ್ಲ. ಮಾಚನ ಒಂದು ಕಾಲು ಮಾತ್ರ ವಾಪಸ್ಸು ಬರಲಿಲ್ಲ.

ಕೋಲೂರಿಕೊಂಡು ಅರಮನೆಗೆ ಹೋದರೆ ಅಲ್ಲಿನ ಪಾರುಪತ್ಯಗಾರ ಏನಂದ ಗೊತ್ತೇ? ಹೊಲ ಕೊಡುವುದು ವೀರಗಲ್ಲು ನಿಂತವನಿಗೆ, ವೀರಗಲ್ಲು ನಿಲ್ಲುವುದು ಸತ್ತವನಿಗೆ, ನೀನು ಬದುಕಿದ್ದೀಯಲ್ಲ ಅಂದನಂತೆ. ಅವನ ಬಾಯಿಗೆ ಮಣ್ಣು ಬೀಳಲಿ.

ಕಲ್ಲುಕುಟಿಗ ಕಾಳೋಜನಿಗೆ ಕರುಳು ಚುರುಕ್ ಅಂದಿತು. ಕಲ್ಲು ತಾನೇ ಬೇಕು, ನಾನು ನಿಲ್ಲಿಸುತ್ತೇನೆ ಅಂದ. ಕೆಳಗಿನ ಪಟ್ಟಿಯಲ್ಲಿ ಮಾಚನನ್ನೂ ಹಸುಗಳನ್ನೂ ಕೆತ್ತಿದ. ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯಬೇಕು. ಎದುರಿಗೆ ಕೂತು ಮಾತಾಡುತ್ತಿರುವವನನ್ನು ಒಯ್ಯುವುದು ಹೇಗೆ? ಉಳಿ ಓಡಲಿಲ್ಲವಂತೆ. ಆ ಪಟ್ಟಿ ಖಾಲಿ ಉಳಿಯಿತು.

ಪಾರುಪತ್ಯಗಾರ ಬಂದು ನೋಡಿದ. ಕಲ್ಲೇನೋ ನಿಂತಿದೆ, ಹಾಗಾದರೆ ಮಾಚ ಸತ್ತ ಹಾಗೆ, ಸತ್ತವನು ಹೊಲ ಕೇಳುವಂತಿಲ್ಲ, ಅವನ ಹೆಂಡತಿ ಬಳೆ ಒಡೆದು ಬಂದು ಕೇಳಲಿ ಅಂದನಂತೆ. ಮಾಚ ಅಲ್ಲೇ ಪಕ್ಕದಲ್ಲಿ ನಿಂತಿದ್ದ, ಪಾಪ. ಮನೆಯಲ್ಲಿ ಹಿಟ್ಟಿರಲಿಲ್ಲ. ಒಡೆದುಬಿಡು ಸಿರಿ, ಹೊಟ್ಟೆಗಾದರೂ ಆಗಲಿ ಅಂದನಂತೆ.

"ಹೊಲ ನೀವೇ ಉತ್ಕೊಳ್ಳಿ ಬುದ್ಧಿ, ನನ್ ಬಳೆ ನನಗಿರ್ಲಿ" ಅಂದಳಂತೆ ಸಿರಿಯವ್ವ.

ಅವತ್ತಿನಿಂದ ಹಸು ವಾಪಸ್ಸು ಪಡೆದ ಮನೆಗಳೇ ಹಾಲು, ಹಿಟ್ಟು ಕೊಟ್ಟು ಅವರನ್ನು ಸಾಕಿದವು. ಮಾಚ ದಿನಾ ಸಂಜೆ ತನ್ನ ಕಲ್ಲಿಗೆ ಒರಗಿ ಕೂರುತ್ತಿದ್ದ. ಹಸುಗಳ ಕಾಲಧೂಳು ಎದ್ದು ಬಿಸಿಲು ಕೆಂಪಾದಾಗ ಖಾಲಿ ಪಟ್ಟಿಯೊಳಗೆ ಅಪ್ಸರೆಯರು ಬರುತ್ತಿದ್ದರಂತೆ. ಹೊರಡೋಣವೇ ಅಂತ ಕೇಳುತ್ತಿದ್ದರಂತೆ. ಹಸು ಇನ್ನೂ ಬಂದಿಲ್ಲ ತಾಯಿ, ನಾಳೆ ಬನ್ನಿ ಅನ್ನುತ್ತಿದ್ದನಂತೆ. ಅವರು ನಕ್ಕು ಹೋಗುತ್ತಿದ್ದರಂತೆ. ಹೀಗೇ ಅವನ ತಲೆ ನರೆಯಿತು. ಒಂದು ಸಂಜೆ ಹಸುಗಳೆಲ್ಲ ಬೇಗ ಬಂದುಬಿಟ್ಟವಂತೆ.

ಮಾಚ ಹೋದ ಸುದ್ದಿ ಕೇಳಿ ಅರಮನೆಯವರು ಬಂದರು. ಈಗ ಸರಿಯಾಯಿತು, ಬಳೆ ಒಡೆದು ಹೊಲ ತಗೋ ಅಂದರು. ಪಟ್ಟಿ ತುಂಬಲು ಕಾಳೋಜನೂ ಉಳಿ ತಂದಿದ್ದ. ಸಿರಿಯವ್ವ ಅವನ ಕೈ ಹಿಡಿದು ನಿಲ್ಲಿಸಿದಳು.

"ಕಲ್ಲಲ್ಲೇ ನೋಡ್ಕೊಳ್ಳಿ ಬುದ್ಧಿ, ನನ್ ಗಂಡ ಇನ್ನೂ ಹೋಗಿಲ್ಲ" ಅಂದಳಂತೆ.

ಸಾಯುವವರೆಗೂ ಅವಳ ಕೈ ಬರಿದಾಗಲಿಲ್ಲ. ಆ ಹೊಲವನ್ನು ಇವತ್ತಿಗೂ ಯಾರೂ ಉಳುವುದಿಲ್ಲ, ಅಲ್ಲಿ ಊರ ಹಸು ಮೇಯುತ್ತವೆ. ಗಂಡ ತೀರಿಕೊಂಡರೆ ನಮ್ಮೂರಲ್ಲಿ ಬಳೆ ಒಡೆಯುವ ಪದ್ಧತಿಯಿಲ್ಲ. ಬಳೆಗಾರ ಬಂದರೆ ಮಾಚನ ಕಲ್ಲಿನ ಬುಡದಲ್ಲಿ ಗಂಟು ಇಳಿಸಿ, ಮೊದಲು ಅಂಥ ಹೆಂಗಸರನ್ನೇ ಕರೆಯುತ್ತಾನೆ. ನಿಮ್ಮ ತಾತ ತೀರಿಕೊಂಡ ವರ್ಷ ನಾನೂ ಅಲ್ಲೇ ಕೂತು ಕೈ ಚಾಚಿದೆ. ಇಗೋ, ಈ ಬಳೆ.